ಸಂಬಳ ಒಂದನ್ನೇ ನೋಡಬೇಡಿ

ಅಮೆರಿಕದ ಟೆಕ್ಸಾಸ್ ಮತ್ತು ಜರ್ಮನಿಯ ಮ್ಯೂನಿಕ್ ಎರಡೂ ಕಡೆ ಕೆಲಸ ಸಿಕ್ಕಿದೆ, ಹೆಂಡತಿ ಮತ್ತು ಇಬ್ಬರು ಚಿಕ್ಕ ಮಕ್ಕಳ ಜೊತೆ ಎಲ್ಲಿ ಬದುಕು ಚೆನ್ನಾಗಿರುತ್ತದೆ ಅಂತ ಕೇಳಿದ್ದೀರಿ. ಕೈಗೆ ಬರುವ ದುಡ್ಡು ಅಮೆರಿಕದಲ್ಲೇ ಜಾಸ್ತಿ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೂ ಇಲ್ಲ.

ಆದರೂ ನಾನು ಜರ್ಮನಿ ಅನ್ನುತ್ತೇನೆ. ಮುಖ್ಯ ಕಾರಣ ವೀಸಾ. ಅಮೆರಿಕದಲ್ಲಿ ಕಾಯಂ ಆಗಿ ಇರಲು ಬೇಕಾದ ಗ್ರೀನ್ ಕಾರ್ಡ್‌ಗಳಲ್ಲಿ ಒಂದೊಂದು ದೇಶದವರಿಗೂ ವರ್ಷಕ್ಕೆ ಶೇ. 7ರ ಮಿತಿ ಇದೆ. ಹಾಗಾಗಿ ನಮ್ಮವರು ದಶಕಗಟ್ಟಲೆ ಕಾಯುತ್ತಾರೆ. ನಿಮ್ಮ ಹೆಂಡತಿ ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾ ಇರುವವರ ಸಂಗಾತಿಗೆ, ಮಕ್ಕಳಿಗೆ ಕೊಡುವುದು) ಹೋದರೆ ಕೆಲಸ ಮಾಡುವುದಕ್ಕೂ ಷರತ್ತುಗಳಿವೆ. ನುರಿತ ಕೆಲಸಗಾರರಿಗೆ ಕೊಡುವ ಜರ್ಮನಿಯ ಬ್ಲೂ ಕಾರ್ಡ್ ನಿಮಗೆ ಸಿಕ್ಕರೆ ಅವರು ಅಲ್ಲಿ ಕೂಡಲೇ ದುಡಿಯಬಹುದು. ನೀವು ಬಿ1 ಮಟ್ಟದ (ಮಧ್ಯಮ ಹಂತದ) ಜರ್ಮನ್ ಕಲಿತರೆ 21 ತಿಂಗಳಲ್ಲಿ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಇಬ್ಬರ ನೆಮ್ಮದಿಗೂ ಇದು ದೊಡ್ಡ ವಿಷಯ.

ಇನ್ನು ರಜೆ. ವಾರಕ್ಕೆ 5 ದಿನ ಕೆಲಸ ಮಾಡುವವರಿಗೆ ಜರ್ಮನಿಯ ಕಾನೂನೇ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ ಕೊಡುತ್ತದೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದರೆ ಇದರ ಬೆಲೆ ಗೊತ್ತಾಗುತ್ತದೆ, ಅಲ್ವಾ?

ಮ್ಯೂನಿಕ್‌ನಲ್ಲಿ ಬಾಡಿಗೆ ಮನೆ ಸಿಗುವುದು ಮಾತ್ರ ತುಂಬಾ ಕಷ್ಟ. ಈಗಿನಿಂದಲೇ ಹುಡುಕಿ. ಜರ್ಮನ್ ಕ್ಲಾಸಿಗೆ ಇಬ್ಬರೂ ಸೇರಿಕೊಳ್ಳಿ.