ಕೆಲಸ ಬಿಟ್ಟು ಊರಿಗೆ ಬರುವ ಮುನ್ನ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ನನಗೆ 36 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಈಗಿನ ಕಂಪನಿಯಲ್ಲಿ ಆರು ವರ್ಷ ತುಂಬಿತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಭಾನುವಾರ ಸಂಜೆಯಾಯಿತೆಂದರೆ ಎದೆ ಹಿಡಿದ ಹಾಗಾಗುತ್ತದೆ. ತೀರ್ಥಹಳ್ಳಿ ಹತ್ತಿರ ಅಪ್ಪಯ್ಯನ ಎರಡೂವರೆ ಎಕರೆ ಅಡಿಕೆ ತೋಟವಿದೆ, ಅವರಿಗೀಗ 68. ಫ್ಲ್ಯಾಟಿನ ಕಂತು ತಿಂಗಳಿಗೆ 32,000 ರೂಪಾಯಿ. ಯುಗಾದಿಯೊಳಗೆ ಕೆಲಸ ಬಿಟ್ಟು ಊರು ಸೇರಿಬಿಡಬೇಕು ಅಂದುಕೊಂಡಿದ್ದೇನೆ. ಸರಿಯೇ?
— ಓದುಗರು, ಬೆಂಗಳೂರು

ಉತ್ತರ: ಬರುವುದು ಸರಿಯಿರಬಹುದು, ಯುಗಾದಿ ಸರಿಯಲ್ಲ. ಅದನ್ನು ಆಮೇಲೆ ಹೇಳುತ್ತೇವೆ. ಎದೆಯ ವಿಷಯ ಮೊದಲು. 'ಟೆನ್ಷನ್ನು' ಎಂದು ನೀವೇ ತೀರ್ಮಾನಿಸಬೇಡಿ. ವೈದ್ಯರಿಗೆ ತೋರಿಸಿ ಇಸಿಜಿ ಮಾಡಿಸಿ, ಬಿಪಿ, ಥೈರಾಯ್ಡ್, ಸಕ್ಕರೆ ನೋಡಿಸಿ. ಅದರಲ್ಲೇನೂ ಇಲ್ಲವೆಂದಾದ ಮೇಲೆ ಬರ್ನ್‌ಔಟ್ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿಯಲ್ಲಿ ಇದನ್ನು ಕಾಯಿಲೆಯೆಂದು ಸೇರಿಸಿಲ್ಲ, ಕೆಲಸದಿಂದ ಬರುವ ಸ್ಥಿತಿ ಎಂದಷ್ಟೇ ಗುರುತಿಸಿದೆ. ಲಕ್ಷಣ ಮೂರು: ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದ ಮೇಲೆ ಜಿಗುಪ್ಸೆ, ತನ್ನ ಕೈಯಲ್ಲಿ ಏನೂ ಆಗುತ್ತಿಲ್ಲವೆಂಬ ಭಾವ.

ಎರಡು ಮೂರು ವಾರ ರಜೆ ಹಾಕಿ, ಲ್ಯಾಪ್‌ಟಾಪ್ ತೆಗೆಯದೆ ಇದ್ದು ನೋಡಿ. ಎರಡನೇ ವಾರಕ್ಕೆ ನಿದ್ದೆ ಬಂದು, ಹೊರಡುವ ದಿನ ಹತ್ತಿರವಾದಂತೆ ಮತ್ತೆ ಹಾರಿಹೋದರೆ ಕೆಲಸದ ಮೇಲೆ ಬೆರಳು ತೋರಿಸಬಹುದು. ಊರಲ್ಲೂ ನಿದ್ದೆ ಬರದಿದ್ದರೆ, ಊಟ ರುಚಿಸದಿದ್ದರೆ, ಅದು ಖಿನ್ನತೆ ಇರಬಹುದು. ಅದಕ್ಕೆ ರಾಜೀನಾಮೆ ಮದ್ದಲ್ಲ. ಮನೋವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ತೋಟದ ಲೆಕ್ಕ. ಒಂಬತ್ತಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ ಕೂರುತ್ತವೆ. ಹಳೆಯ ತೋಟದಲ್ಲಿ ಸತ್ತ ಮರದ ಜಾಗ ಖಾಲಿ ಇರುತ್ತದೆ, ಎಳೆ ಸಸಿ ಇರುತ್ತದೆ. ಹಾಗಾಗಿ ಎಕರೆಗೆ ಆರು ಕ್ವಿಂಟಾಲ್ ಒಣ ಅಡಿಕೆ ಎಂದಷ್ಟೇ ಇಟ್ಟುಕೊಳ್ಳಿ. ಧಾರಣೆಯನ್ನು ಇವತ್ತಿನ ಪೇಟೆ ನೋಡಿ ಹಿಡಿಯಬೇಡಿ, ಕ್ವಿಂಟಾಲಿಗೆ 40,000 ಎಂದು ಹಿಡಿಯಿರಿ. ಹದಿನೈದು ಕ್ವಿಂಟಾಲಿಗೆ ಆರು ಲಕ್ಷ. ಮದ್ದು, ಗೊಬ್ಬರ, ಸೊಪ್ಪು, ಕೊನೆ (ಅಡಿಕೆ ಗೊನೆ) ತೆಗೆಸುವುದು, ಸುಲಿಸುವುದು, ಬೇಯಿಸುವುದಕ್ಕೆ ಅರ್ಧ ಹೋಯಿತೆಂದರೆ ಉಳಿಯುವುದು ಮೂರು ಲಕ್ಷ. ಅದು ನಿಮಗಾಗಿ ಕಾದಿರುವ ದುಡ್ಡಲ್ಲ, ಈಗಾಗಲೇ ಅಪ್ಪಯ್ಯನ ಮನೆ ನಡೆಸುತ್ತಿರುವ ದುಡ್ಡು. ನೀವು ಬಂದ ಮಾತ್ರಕ್ಕೆ ಮರ ಹೆಚ್ಚು ಬಿಡುವುದಿಲ್ಲ. ಇತ್ತ ನಿಮ್ಮ ಕಂತೇ ವರ್ಷಕ್ಕೆ 3,84,000. ಆದ್ದರಿಂದ ತೋಟಕ್ಕಿಂತ ಮುಂಚೆ ಫ್ಲ್ಯಾಟಿನದು ಇತ್ಯರ್ಥವಾಗಬೇಕು. ಒಂದೋ ಮಾರಿ ಸಾಲ ತೀರಿಸಿ, ಇಲ್ಲವೇ ಅವಧಿ ಉದ್ದ ಮಾಡಿಸಿ ಕಂತನ್ನು ಬಾಡಿಗೆಯ ಹತ್ತಿರಕ್ಕೆ ಇಳಿಸಿ. ಇದು ಸಂಬಳದ ಚೀಟಿ ಕೈಯಲ್ಲಿರುವಾಗಲೇ ಆಗಬೇಕಾದ ಕೆಲಸ, ಆಮೇಲೆ ಬ್ಯಾಂಕಿನವರ ಮಾತೇ ಬೇರೆಯಾಗುತ್ತದೆ.

ಕಂಪನಿಯ ಆರೋಗ್ಯ ವಿಮೆಯಲ್ಲಿ ಅಪ್ಪಯ್ಯ, ಅಮ್ಮನೂ ಇದ್ದಾರೆಯೇ ನೋಡಿ. ಸಾಮಾನ್ಯವಾಗಿ ನಿಮ್ಮ ಕೊನೆಯ ದಿನಕ್ಕೇ ಎಲ್ಲರದ್ದೂ ನಿಲ್ಲುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ, ಆದರೆ ಅರ್ಜಿ ಕೆಲಸ ಬಿಡುವ ಮೊದಲೇ ಹೋಗಬೇಕು. 68ನೇ ವಯಸ್ಸಲ್ಲಿ ಹೊಸದಾಗಿ ಪಾಲಿಸಿ ಮಾಡಿಸಲು ಹೊರಟರೆ ಪ್ರೀಮಿಯಂ ಜೋರು, ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು.

ಐದು ವರ್ಷ ದಾಟಿದ್ದರಿಂದ ಗ್ರಾಚ್ಯುಟಿ ಬರುತ್ತದೆ. ಮೂಲ ವೇತನ 60,000 ಇದ್ದರೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಆರು ವರ್ಷಕ್ಕೆ ಸುಮಾರು 2,07,700. ಹಳೆಯ ಕಂಪನಿಗಳ ಪಿಎಫ್ ಅನ್ನು ಈಗಿನ ಖಾತೆಗೆ ವರ್ಗಾಯಿಸಿಕೊಳ್ಳಿ, ಒಟ್ಟು ಸೇವೆ ಹತ್ತು ವರ್ಷವಾದರೆ ಪಿಂಚಣಿಗೆ ಅರ್ಹತೆ ಸಿಗುತ್ತದೆ. ಪಿಎಫ್‌ನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಹೆಸರು ಎಂಬ ತಕರಾರು ನಮ್ಮ ಕಡೆಯವರಿಗೆ ತೀರಾ ಮಾಮೂಲು. ಎಚ್‌ಆರ್ ಫೋನ್ ಎತ್ತುವ ಕಾಲದಲ್ಲೇ ಸರಿಮಾಡಿಸಿ.

ಈಗ ಯುಗಾದಿ ಯಾಕೆ ಬೇಡ ಅಂದರೆ, ಅಡಿಕೆಯ ದುಡ್ಡು ವರ್ಷಕ್ಕೊಮ್ಮೆ. ಕೊನೆ ಕೊಯ್ಲು ಶುರುವಾಗುವುದು ಅಕ್ಟೋಬರ್ ಆಸುಪಾಸಿಗೆ, ಸುಲಿದು ಬೇಯಿಸಿ ಒಣಗಿಸಿ ಮಂಡಿಗೆ ಹಾಕುವಷ್ಟರಲ್ಲಿ ಡಿಸೆಂಬರ್. ಯುಗಾದಿಗೆ ಬಂದವರಿಗೆ ಎಂಟು ಒಂಬತ್ತು ತಿಂಗಳು ಬರೀ ಖರ್ಚು. ಜುಲೈ ಮೊದಲಲ್ಲಿ ರಜೆ ಹಾಕಿ ಊರಿಗೆ ಬನ್ನಿ. ಹಿಡಿದ ಮಳೆ, ಕರೆಂಟಿಲ್ಲದ ಮನೆ, ಒಣಗದ ಬಟ್ಟೆ, ಇಂಬಳ (ಜಿಗಣೆ), ತೋಟಕ್ಕೆ ಕೊಳೆ (ಮಳೆಗಾಲದಲ್ಲಿ ಅಡಿಕೆಕಾಯಿ ಕೊಳೆತು ಉದುರುವ ರೋಗ) ಬಿತ್ತೇನೋ ಎಂಬ ಆತಂಕ, ಎಲ್ಲವನ್ನೂ ನಿಮ್ಮ ಮನೆಯವರೂ ನೋಡಲಿ. ಡಿಸೆಂಬರಿನ ಮಲೆನಾಡು ನೋಡಿ ನಿರ್ಧರಿಸಿದವರೇ ಮೊದಲ ಆಷಾಢಕ್ಕೆ ವಾಪಸ್ ಓಡುವುದು. ಆಮೇಲೂ ಮನಸ್ಸು ಗಟ್ಟಿಯಿದ್ದರೆ ಜುಲೈ ನಡುವೆ ರಾಜೀನಾಮೆ ಕೊಡಿ. ನೋಟಿಸ್ 90 ದಿನವಿದ್ದರೆ ಅಕ್ಟೋಬರ್ ಮಧ್ಯಕ್ಕೆ ಬಿಡುಗಡೆ, ನೇರ ಕೊನೆ ಕೊಯ್ಲಿಗೇ ಬಂದು ಇಳಿಯುತ್ತೀರಿ. ಕೈಯಲ್ಲಿ ಹದಿನೆಂಟು ತಿಂಗಳ ಮನೆಖರ್ಚು ಇರಲಿ. ಒಂದು ವರ್ಷ ಕೊಳೆಯಲ್ಲಿ ಅರ್ಧ ಬೆಳೆ ಹೋದರೂ ಇನ್ನೊಂದು ಕೊಯ್ಲಿನವರೆಗೆ ದಾಟಬೇಕಲ್ಲ.

ಪಹಣಿ ಇನ್ನೂ ಅಜ್ಜನ ಹೆಸರಲ್ಲಿದ್ದರೆ ಈಗಲೇ ಪೌತಿ ಖಾತೆಗೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಅರ್ಜಿ ಹಾಕಿಸಿ. ಅದಿಲ್ಲದೆ ಸೊಸೈಟಿಯ ಬೆಳೆಸಾಲವೂ ಕಷ್ಟ.

ಪ್ರಶ್ನೆ: ಬ್ಯಾಂಕ್ ಕೆಲಸ ಬಿಟ್ಟು ಹೋದ ವರ್ಷ ತೋಟಕ್ಕಿಳಿದೆ. ಅಡಿಕೆಗೆ ಬೋರ್ಡೋ ಮದ್ದು ಎರಡು ಸಲ ಹೊಡೆಸಿದರೂ ಕೊಳೆ ಬಂತು. ತಪ್ಪಿದ್ದೆಲ್ಲಿ?
— ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಹೊಸಬರು ಎಡವುವುದು ಹೆಚ್ಚಾಗಿ ಮದ್ದು ಕಲಸುವ ಡ್ರಮ್ಮಿನ ಹತ್ತಿರ, ಮರದ ಮೇಲಲ್ಲ. ಶೇ. 1ರ ಬೋರ್ಡೋ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ತುತ್ತವನ್ನು ಹಿಂದಿನ ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಲ್ಲಿ ಇಳಿಬಿಟ್ಟರೆ ಬೆಳಿಗ್ಗೆಗೆ ಕರಗಿರುತ್ತದೆ. ಸುಣ್ಣ ಹೊಸದಾಗಿ ಸುಟ್ಟದ್ದೇ ಆಗಬೇಕು. ಗಾಳಿಯಾಡಿ ಪುಡಿಯಾದ ಹಳೇ ಸುಣ್ಣಕ್ಕೆ ಸತ್ವವಿರುವುದಿಲ್ಲ. ಅದನ್ನು ಬೇರೆ 50 ಲೀಟರಿನಲ್ಲಿ ಅರಳಿಸಿ ಸೋಸಿ, ಆರಿದ ಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಸುರಿಯುತ್ತ ಕಲಕಿ. ಸುಣ್ಣವನ್ನು ತುತ್ತಕ್ಕೆ ಸುರಿದರೆ ಕಣ ದಪ್ಪವಾಗಿ ತಳಕ್ಕೆ ಕೂರುತ್ತದೆ, ನಾಜಲ್ ಕಟ್ಟುತ್ತದೆ, ಕಾಯಿಗೆ ಅಂಟುವುದಿಲ್ಲ. ಕಬ್ಬಿಣದ ಡ್ರಮ್ ಬೇಡ, ಪ್ಲಾಸ್ಟಿಕ್ ಇರಲಿ.

ಆಮೇಲೆ ಉಜ್ಜಿ ತೊಳೆದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಹಿಂಗಾರವೂ ಎಳೆಕಾಯಿಯೂ ಸುಡುತ್ತವೆ. ಕೆಂಪು ಹತ್ತದಷ್ಟಾಗುವವರೆಗೆ ಸುಣ್ಣದ ತಿಳಿ ಸೇರಿಸಿ. ಕಲಸಿದ ಮದ್ದು ಅವತ್ತೇ ಖಾಲಿಯಾಗಬೇಕು.

ಹೊತ್ತು ತಪ್ಪುವುದು ಇನ್ನೊಂದು ಕಾರಣ. ಮೊದಲ ಸುತ್ತು ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ, ಮಳೆ ಬಿಡದಿದ್ದರೆ ಮೂರನೆಯದೂ ಬೇಕು. ಎಲ್ಲರಿಗೂ ಅದೇ ವಾರ ಆಳು ಬೇಕಾದ್ದರಿಂದ ಕಡೆಯಲ್ಲಿ ಕೇಳಿದವರಿಗೆ ಸಿಗುವುದು ಮಳೆ ಹಿಡಿದ ಮೇಲೆ. ಏಪ್ರಿಲ್‌ನಲ್ಲೇ ಮಾತಾಡಿ ಮುಂಗಡ ಕೊಡಿ, ಅಥವಾ ನಾಲ್ಕು ಮನೆಯವರು ಸೇರಿ ನೆಲದಿಂದಲೇ ಮದ್ದು ಹೊಡೆಯುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ಕೊಳ್ಳಿ. ಉದುರಿದ ಕೊಳೆಕಾಯಿ ಮರದ ಬುಡದಲ್ಲೇ ಬಿದ್ದಿದ್ದರೆ ರೋಗ ಅಲ್ಲಿಂದಲೇ ಮತ್ತೆ ಏಳುತ್ತದೆ, ಹೆಕ್ಕಿ ತೋಟದಾಚೆ ಹಾಕಿಸಿ. ಕೊಳೆ ಜಾಸ್ತಿ ಬರುವ ತೋಟವಾದರೆ ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುವುದು ಈಗಲೂ ಒಳ್ಳೆಯದೇ. ಎಲೆಚುಕ್ಕಿ ಬೇರೆ ರೋಗ, ಇದೇ ಮದ್ದಿಗೆ ಹೋಗುತ್ತದೆಂದು ಕೂರಬೇಡಿ. ರೋಗ ಬಿದ್ದ ಸೋಗೆಯ ತುಂಡನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ, ಕೆಲಸ ಬಿಟ್ಟು ಸಾಗರದ ಕಡೆ ಜಮೀನು ಕೊಳ್ಳುವ ಆಸೆ. 'ಪಹಣಿ ಒಂದು ಎಕರೆ, ಅನುಭವದಲ್ಲಿ ಇನ್ನೂ ಮೂರು ಎಕರೆ' ಎನ್ನುತ್ತಾರೆ. ಕೊಳ್ಳಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಒಂದು ಎಕರೆಗೆ ಮಾತ್ರ ಬೆಲೆ ಕಟ್ಟಿ. 'ಅನುಭವ' ಎಂದರೆ ತೋಟಕ್ಕೆ ಸೊಪ್ಪು ತರುವ ಬೆಟ್ಟವೋ, ಕಾನೋ (ಕಾಡು), ಬಗರ್‌ಹುಕುಂ (ಸರ್ಕಾರಿ ಜಾಗದ ಸಾಗುವಳಿ ಸಕ್ರಮ) ಅರ್ಜಿ ಹಾಕಿದ ಜಾಗವೋ ಇರುತ್ತದೆ. ಯಾವುದನ್ನೂ ಅವರು ನಿಮಗೆ ಮಾರಲಾರರು. ಕೃಷಿಕರಲ್ಲದವರು ಕೊಳ್ಳಬಾರದೆಂಬ ತಡೆ 2020ರ ಭೂಸುಧಾರಣಾ ತಿದ್ದುಪಡಿಯಲ್ಲಿ ಹೋಯಿತು, ನಿಜ. ಆದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನಿಗೆ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಹಾಗೇ ಇದೆ. ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಜಮೀನೂ ಇಲ್ಲ, ದುಡ್ಡೂ ಇಲ್ಲ. ಪಹಣಿಯ 11ನೇ ಕಾಲಂ (ಸಾಲ, ಇತರ ಹಕ್ಕುಗಳ ವಿವರ) ನೋಡಿ, ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ), 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಸರ್ವೆ ನಂಬರಿನ ಒಂದು ಭಾಗವಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಕೇಳಿ. ದಾರಿ ನಕ್ಷೆಯಲ್ಲಿದೆಯೋ, ಪಕ್ಕದವರ ದಾಕ್ಷಿಣ್ಯದಲ್ಲಿದೆಯೋ ನೋಡಿ. ಬಾವಿಯನ್ನು ಏಪ್ರಿಲ್ ಕೊನೆಯಲ್ಲಿ ನೋಡಬೇಕು. ನವೆಂಬರಿನಲ್ಲಿ ಎಲ್ಲ ಬಾವಿಯೂ ತುಂಬಿರುತ್ತದೆ. ಹೊಸ ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ಅಲ್ಲಿಯವರೆಗಿನ ಆದಾಯ ಬೇರೆ ಕಡೆ ಗೊತ್ತಾಗದೆ ಶಾಲೆ ಬಿಡಬೇಡಿ.

ಪ್ರಶ್ನೆ: ಕೆಲಸ ಬಿಡುವುದಿಲ್ಲ, ಆಗುಂಬೆ ಬದಿಯ ಮನೆಯಿಂದಲೇ ಮಾಡುತ್ತೇನೆ. ಇನ್ವರ್ಟರ್ ಸಾಕಲ್ಲ?
— ಓದುಗರು, ಬೆಂಗಳೂರು

ಉತ್ತರ: ಸಾಲದು. ನಿಮ್ಮ ರೂಟರ್ ಉರಿಯುತ್ತಿದ್ದರೂ ಊರಾಚೆ ಕೇಬಲ್ ಮೇಲೆ ಮರ ಬಿದ್ದರೆ ನೆಟ್ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ ಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯಿರಿ.