ಹೇಳಿದ್ದನ್ನೇ ವಾಪಸ್ ಹೇಳ್ತೀರಲ್ಲ ಮೇಡಂ

ಗಲ್ಫಿಂದ ಗಂಡ ಪೂರ್ತಿ ವಾಪಸ್ ಬಂದ ಮೇಲೆ ಮನೇಲಿ ನೆಮ್ಮದಿ ಇಲ್ಲ ಅಂತ ನನ್ನತ್ರ ಆಪ್ತಸಲಹೆಗೆ ಬರುವ ಹೆಂಗಸರ ಲೆಕ್ಕ ಇಟ್ಟಿಲ್ಲ, ಆದ್ರೆ ಉಡುಪಿ-ಮಂಗಳೂರು ಕಡೆ ಇದು ಹೊಸ ಕತೆ ಅಲ್ಲ. ಈಗ ಹೇಳುವ ಇವರದ್ದೂ ಅದೇ. (ಊರು, ವಯಸ್ಸು ಬದಲಿಸಿದ್ದೇನೆ, ಅವರತ್ರ ಕೇಳಿಯೇ ಬರೀತಿದ್ದೇನೆ.) ಗಂಡ 22 ವರ್ಷ ದುಬೈಯಲ್ಲಿ. ಇವರು ಕಾಪು ಕಡೆ ಅತ್ತೆ, ಮಕ್ಕಳು, ಮನೆ ಲೋನು ಎಲ್ಲ ಒಬ್ರೇ ಸುಧಾರಿಸಿದವರು. ಗಂಡ ಕುಡಿಯುವವರಲ್ಲ, ಕೈ ಎತ್ತುವವರಲ್ಲ. ಮತ್ತೆ ಎಂತ ಸಮಸ್ಯೆ ಅಂದ್ರೆ "ಬೇಜಾರು ಮೇಡಂ", ಅಷ್ಟೇ.

ಎರಡು ಸೆಷನ್ ನಾನು ಕಲಿತದ್ದನ್ನೇ ಮಾಡಿದೆ. ಎದುರು ಕೂತು, ಚೂರು ಮುಂದೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು "ನಿಮಗೆ ತುಂಬ ಬೇಜಾರಾಗಿದೆ" ಅಂತ. ಮೂರನೇ ಸಲ ಅವರು ಒದ್ದೆ ಕೊಡೆ ಬಾಗಿಲ ಹತ್ರ ಒರಗಿಸಿ ಕೂತವರು ನಗಾಡಿದ್ರು. "ನಾನು ಹೇಳಿದ್ದನ್ನೇ ವಾಪಸ್ ಹೇಳ್ತೀರಲ್ಲ ಮೇಡಂ, ಇದಕ್ಕೆ ನಾನು ಈ ಮಳೆಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಬರ್ಬೇಕಾ?"

ಮುಖ ಸಣ್ಣದಾಯ್ತು, ಸುಳ್ಳು ಯಾಕೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್, ಆಪ್ತಸಲಹೆಯಿಂದ ಬದಲಾವಣೆ ಆಗ್ಬೇಕಾದ್ರೆ ಎಂತೆಂತ ಬೇಕು ಅಂತ 1957ರಲ್ಲಿ ಬರೆದ ಆರು ಷರತ್ತುಗಳಲ್ಲಿ ಕೊನೆಯದ್ದು ಇದೇ: ಆಪ್ತಸಲಹೆಗಾರನ ಅನುಭೂತಿ, ಅಂದ್ರೆ ಅವರ ಜಾಗದಲ್ಲಿ ನಿಂತು ಅರ್ಥ ಮಾಡ್ಕೊಂಡದ್ದು, ಎದುರು ಕೂತವರಿಗೆ ಸ್ವಲ್ಪವಾದ್ರೂ ಮುಟ್ಟಬೇಕು. ನನ್ನದು ನನ್ನತ್ರವೇ ಇತ್ತು. ಇಂಥ ಗಿಳಿಪಾಠ ತನ್ನ ಹೆಸರಲ್ಲಿ ನಡೆಯೋದು ರೋಜರ್ಸ್‌ಗೂ ಇಷ್ಟ ಇರಲಿಲ್ಲ. ಮತ್ತೆ ನಮ್ಮ ಬೇಜಾರು ಅನ್ನೋ ಶಬ್ದ ಉಂಟಲ್ಲ, ಸಿಟ್ಟಿಗೂ ಅದೇ, ದುಃಖಕ್ಕೂ ಅದೇ, ಹೊತ್ತು ಹೋಗದಿದ್ರೂ ಅದೇ. ಅದನ್ನ ವಾಪಸ್ ಕೊಟ್ರೆ ಏನೂ ಕೊಟ್ಟ ಹಾಗಾಗೋದಿಲ್ಲ.

ಕುರ್ಚಿ ಅವರ ಪಕ್ಕಕ್ಕೆ ಎಳ್ಕೊಂಡೆ. "ಅದು ಬಿಡಿ. ನಿನ್ನೆ ಬೆಳಿಗ್ಗೆ ಎದ್ದಲ್ಲಿಂದ ಎಂತೆಂತ ಆಯ್ತು ಹೇಳಿ."

ಚಾ ಆಯ್ತು, ನೀರ್ ದೋಸೆ ಆಯ್ತು, ಅತ್ತೆಯ ಮಾತ್ರೆ ಆಯ್ತು, ಮೀನಿನವಳು ಬಂದಳು ಅನ್ನುವಾಗ ಸ್ವರ ನಿಂತಿತು. ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟುಗಳಿಗೆ ರಜೆ, ಬಂಗುಡೆಗೆ ಬಾಯಿಗೆ ಬಂದ ರೇಟು. ಇವರು ಸೆರಗಿಗೆ ಕೈ ಒರೆಸಿ ಹೊರಗೆ ಬರುವಷ್ಟರಲ್ಲಿ ಗಂಡ ಗೇಟಲ್ಲಿ ನಿಂತು ಕೇಳಿದಷ್ಟು ಕೊಟ್ಟು ತಂದು ಸಿಂಕಲ್ಲಿ ಹಾಕಿ ಆಗಿತ್ತು. "ಇಪ್ಪತ್ತು ವರ್ಷದಿಂದ ಅವಳತ್ರ ರೇಟಿಗೆ ಚರ್ಚೆ ಮಾಡಿದ್ದು ನಾನು ಮೇಡಂ. ಅವಳ ಮಗಳ ಮದುವೆ ಕೂಡ ನಂಗೆ ಗೇಟಲ್ಲೇ ಗೊತ್ತಾದದ್ದು. ಈಗ ಅವಳು ಇವರನ್ನೇ ಕರೀತಾಳೆ."

ಸುಮ್ಮನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ "ಕೆಲಸದಿಂದ ತೆಗೆದ ಹಾಗೆ" ಅಂದೆ. "ಹೂಂ, ನೋಟೀಸೂ ಇಲ್ಲದೆ" ಅಂದ್ರು, ಆಮೇಲೆ ಅತ್ರು.

ಸಲಹೆ ಕೊಡ್ಬಾರ್ದು, ದಾರಿ ಅವರೇ ಕಂಡ್ಕೊಳ್ಬೇಕು ಅಂತ ಹೇಳುವ ಸಹೋದ್ಯೋಗಿಗಳು ಇದ್ದಾರೆ, ನಾನು ಕೊಟ್ಟೆ. ಟಿಕೆಟಿಗೆ ದುಡ್ಡು ಹಾಕಿ ಬಂದವರನ್ನ ಬರಿಗೈಯಲ್ಲಿ ಕಳಿಸ್ಲಿಕ್ಕೆ ನನಗೆ ಆಗೋದಿಲ್ಲ. ಹೇಳಿದ್ದು ಇಷ್ಟು: "ನೀವು ಯಾವಾಗ್ಲೂ ಹೀಗೇ" ಅಂತ ಶುರು ಮಾಡ್ಬೇಡಿ, "ನನಗೆ" ಅಂತ ಶುರು ಮಾಡಿ. ಇಂಗ್ಲಿಷ್ ಪುಸ್ತಕದಲ್ಲಿ ಇದು "ನಾನು" ವಾಕ್ಯ, ಆದ್ರೆ ಕನ್ನಡದಲ್ಲಿ ಸಿಟ್ಟು ನಾವು ಮಾಡೋದಕ್ಕಿಂತ ನಮಗೆ ಬರೋದೇ ಹೆಚ್ಚು, ಹಾಗಾಗಿ ಬಾಯಿಗೆ ಸುಲಭ ಬರ್ತದೆ. "ಮೀನು ನೀವು ತಗೊಂಡ್ರೆ ನನಗೆ ಈ ಮನೇಲಿ ಕೆಲಸವೇ ಇಲ್ಲ ಅನ್ನಿಸ್ತದೆ, ಅದೊಂದು ನನಗೆ ಬಿಡಿ." ಅಲ್ಲೇ ನಾಲ್ಕು ಸಲ ಹೇಳಿಸಿದೆ, ಗಂಡನ ಪಾರ್ಟು ನಾನು ಮಾಡಿದೆ. ಮತ್ತೆ ಗಂಡನಿಗೂ ಒಂದು ಕೆಲಸ ಪೂರ್ತಿ ಬಿಟ್ಟುಕೊಡಿ ಅಂದೆ, ದುಬೈಯಲ್ಲಿ ನೂರು ಜನಕ್ಕೆ ಸೂಪರ್‌ವೈಸರ್ ಆಗಿದ್ದವರು ಇಲ್ಲಿ ಗೇಟಲ್ಲಿ ನಿಲ್ಲದೆ ಎಲ್ಲಿ ನಿಲ್ತಾರೆ?

ಮುಂದಿನ ಸಲ ಗಂಡನೂ ಬಂದಿದ್ರು. ತೆಂಗಿನ ತೋಟ, ಕರೆಂಟ್ ಬಿಲ್ಲು ಅವರಿಗೆ. "ಇವಳಿಗೆ ಕಷ್ಟ ಬೇಡ ಅಂತ ಮೀನು ತಂದದ್ದು" ಅಂದ್ರು ಪಾಪ, ಅದೂ ಸುಳ್ಳಲ್ಲ. ಗೇಟು ಈಗ ಇವರ ಕೈಗೆ ವಾಪಸ್ ಬಂದಿದೆ. ಬ್ಯಾಂಕ್ ಪಾಸ್‌ಬುಕ್ ಮಾತ್ರ ಇನ್ನೂ ಗಂಡನ ಕಪಾಟಿನಲ್ಲೇ ಉಂಟು, ಆ ವಿಷಯಕ್ಕೆ ಮುಂದಿನ ತಿಂಗಳು ಇಬ್ರೂ ಬರ್ತಾರೆ.