ಹೊಸ ಹುಡುಗನಿಗೆ ಓನರ್ ರೋಲ್ ಬೇಡ

ಹೊಸ ಹುಡುಗ ಸಬ್‌ನೆಟ್‌ಗೆ (ನೆಟ್‌ವರ್ಕ್‌ನ ಒಂದು ಭಾಗಕ್ಕೆ) ವಿಎಂ (ವರ್ಚುವಲ್ ಮೆಷಿನ್) ಜೋಡಿಸಬೇಕು, ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನಲ್ಲಿ ಓನರ್ ರೋಲ್, ಅಂದರೆ ಪೂರ್ತಿ ಅಧಿಕಾರ, ಕೊಡಲೇ ಅಂತ ಕೇಳಿದ್ದೀರಿ. ಖಂಡಿತ ಬೇಡ. ಓನರ್ ಆದವನು ಬೇರೆಯವರಿಗೂ ರೋಲ್ ಹಂಚಬಹುದು. ನೆಟ್‌ವರ್ಕ್ ಕಾಂಟ್ರಿಬ್ಯೂಟರ್ ರೋಲ್ ಕೊಟ್ಟರೆ ಹಂಚಲು ಆಗುವುದಿಲ್ಲ, ಆದರೆ ನೆಟ್‌ವರ್ಕ್ ನಿಯಮಗಳನ್ನೆಲ್ಲ ಅಳಿಸಬಹುದು! ದಾವಣಗೆರೆಯ ನಮ್ಮ ಹಳೇ ಆಫೀಸಿನಲ್ಲಿ ಒಬ್ಬ ಹಾಗೇ ಮಾಡಿದ್ದ. ಬೆಣ್ಣೆ ದೋಸೆ ಅರ್ಧಕ್ಕೇ ಬಿಟ್ಟು ಓಡಿದ್ದೆ ನಾನು.

ನಿಮ್ಮ ಹುಡುಗನಿಗೆ ಬೇಕಿರುವುದು ಸಬ್‌ನೆಟ್‌ನ ರೀಡ್ (ನೋಡುವ) ಮತ್ತು ಜಾಯಿನ್ (ಜೋಡಿಸುವ) ಅನುಮತಿ, ಅಷ್ಟೇ ಅಲ್ವಾ? ಅವೆರಡೇ ಇರುವ ಕಸ್ಟಮ್ ರೋಲ್ (ನಾವೇ ರೂಪಿಸುವ ರೋಲ್) ಮಾಡಿ, ಆ ಒಂದು ಸಬ್‌ನೆಟ್‌ಗೆ ಮಾತ್ರ ಕೊಡಿ. ವಿಎಂ ಮಾಡುವ ರೋಲ್ ಅವನ ರಿಸೋರ್ಸ್ ಗ್ರೂಪ್‌ನಲ್ಲಿ (ಅವನ ವಿಎಂ ಮುಂತಾದವನ್ನು ಇಡುವ ಗುಂಪಿನಲ್ಲಿ) ಇರಲಿ. ಸುಮ್ನೆ ಈ ಗ್ರೂಪ್‌ಗಳೆಲ್ಲ ಸೇರಿರುವ ಸಬ್‌ಸ್ಕ್ರಿಪ್ಷನ್ ಮಟ್ಟದಲ್ಲಿ ಕೊಡಬೇಡಿ. ಅದು ಕೆಳಗಿನ ಎಲ್ಲಕ್ಕೂ ಇಳಿಯುತ್ತದೆ. ಕೆಳಗೆ ಸಣ್ಣ ರೋಲ್ ಕೊಟ್ಟರೂ ಮೇಲಿನದು ಹೋಗುವುದಿಲ್ಲ, ಎರಡೂ ಕೂಡುತ್ತವೆ. ಬದಲಾವಣೆ ಜಾರಿಗೆ ಬರಲು 10 ನಿಮಿಷದವರೆಗೆ ಹಿಡಿಯಬಹುದು, ಗಾಬರಿ ಬೇಡ.